ನೀಲವ್ವನ ಗಡಿಗೆ

ನಮ್ಮ ಅಡುಗೆಮನೆಯ ಯಾವ ಪಾತ್ರೆಯ ಮೇಲೂ ನಮ್ಮ ಹೆಸರಿರಲಿಲ್ಲ. ಹಿತ್ತಾಳೆ ತಾಮ್ರಕ್ಕೆಲ್ಲ ಹೆಸರು ಕೆತ್ತಿಸುವ ಚಟ ನಮ್ಮ ಮನೆಗೆ ಆಗಿನ್ನೂ ಹತ್ತಿರಲಿಲ್ಲ. ಹೆಸರಿದ್ದದ್ದು ಒಂದೇ ಒಂದಕ್ಕೆ, ಬೀಸುಕಲ್ಲಿನ ಪಕ್ಕದ ಗೂಡಿನಲ್ಲಿ ಕೂತಿದ್ದ ಮಣ್ಣಿನ ಗಡಿಗೆಗೆ. ಅದೂ ನಮ್ಮ ಮನೆಯವಳಲ್ಲದ ಹುಡುಗಿಯ ಹೆಸರು. ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ ದಪ್ಪಕ್ಷರದಲ್ಲಿ ‘ನೀಲವ್ವ’ ಎಂದು ಬರೆದಿತ್ತು. ಶಾಲೆಯ ಮುಖ ನೋಡುವ ಮೊದಲೇ ನಾನು ಗುರುತು ಹಿಡಿದದ್ದು ಆ ಮೂರು ಅಕ್ಷರಗಳನ್ನು. ಗಂಗವ್ವ ಎಂಬ ನನ್ನ ಹೆಸರು ಬರೆಯಲು ಕಲಿತದ್ದು ಆಮೇಲೆ. ಯಾರಾದರೂ ನಿನ್ನ ವಿದ್ಯೆ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ನಾನು ಆ ಗಡಿಗೆಯಿಂದ ಎಂದು ಹೇಳುತ್ತೇನೆ, ಮಂದಿ ನಗುತ್ತಾರೆ. ನಗಲಿ. ಅವರಿಗೆ ಪೂರ್ತಿ ಕಥೆ ಗೊತ್ತಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಕಮರಿಪೇಟೆಗೆ ಹತ್ತಿಕೊಂಡ ಓಣಿಯ ಮನೆ. ಅಪ್ಪನದು ಹತ್ತಿಯ ವ್ಯಾಪಾರ. ಪಡಸಾಲೆಯ ಮೂಲೆಯಲ್ಲಿ ಯಾವಾಗಲೂ ಮಾದರಿಯ ಹತ್ತಿಯ ಗಂಟುಗಳು ಬಿದ್ದಿರುತ್ತಿದ್ದವು. ಅದರ ಎಳೆ ಗಾಳಿಗೆ ಹಾರಿ ದೇವರ ಗೂಡಿನಲ್ಲಿ ಕೂತು, ನಮ್ಮ ತಲೆಗೂದಲಿಗೆ ಅಂಟಿ, ಒಮ್ಮೊಮ್ಮೆ ಬೇಳೆಯ ಸಾರಿನಲ್ಲೂ ತೇಲುತ್ತಿತ್ತು. ಪಡಸಾಲೆ ಅಪ್ಪನದು, ಅಲ್ಲಿಂದ ಒಳಗಿನದೆಲ್ಲ ಆಯಿಯ ರಾಜ್ಯ. ಆಯಿ ಎಂದರೆ ಅಪ್ಪನ ತಾಯಿ. ಎತ್ತರದ ಆಳು, ಮೊರದಂಥ ಅಂಗೈ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಬೆಳಗಿನ ಜೋಳ ಅಳೆದು ಕೊಡುವವಳು ಅವಳೇ, ರಾತ್ರಿಯ ರೊಟ್ಟಿ ಎಷ್ಟು ಉಳಿದವೆಂದು ಬುಟ್ಟಿ ಇಣುಕಿ ನೋಡುವವಳೂ ಅವಳೇ. ಜಿಪುಣಿ ಎಂದರೆ ತಪ್ಪಾದೀತು. ಜಂಗಮರು ಊಟಕ್ಕೆ ಬಂದರೆ ತುಪ್ಪದ ಗಿಂಡಿಯನ್ನೇ ಬಗ್ಗಿಸುತ್ತಿದ್ದಳು. ಸೊಸೆಯ ತಲೆಗೆ ಎಣ್ಣೆ ಕೊಡುವಾಗ ಮಾತ್ರ ಬಟ್ಟಲಿನ ತಳ ಕಾಣುತ್ತಿತ್ತು. ಆ ಸೊಸೆ ನನ್ನ ಅವ್ವ. ಅವ್ವನ ಮಾತು ಕಡಿಮೆ. ನಸುಕಿನಿಂದ ಬೀಸುಕಲ್ಲು, ಆಮೇಲೆ ಒಲೆ, ಆಮೇಲೆ ಬಚ್ಚಲು. ಅವಳ ದನಿ ಹೇಗಿತ್ತು ಎಂದು ನೆನಪಿಸಿಕೊಂಡರೆ ನನಗೆ ಮೊದಲು ಕೇಳಿಸುವುದು ರೊಟ್ಟಿ ಬಡಿಯುವ ಸದ್ದು.

ನಾನು ಆರು ವರ್ಷದವಳಿದ್ದಾಗ ಧಾರವಾಡದಿಂದ ಬಿಳಿ ಸೀರೆಯ ಹೆಂಗಸೊಬ್ಬರು ಬಂದರು. ಅಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಒಂದು ಬೋರ್ಡಿಂಗ್ ನಡೆಸುತ್ತಿದ್ದರು, ತಾವೇ ಪಾಠವನ್ನೂ ಹೇಳುತ್ತಿದ್ದರು. ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಅವರ ಹಿಂದೆ ಹುಸೇನಕಾಕಾ ಗಡಿಗೆ ಹೊತ್ತು ನಿಂತಿದ್ದ. ನಮ್ಮ ಓಣಿಯವನೇ, ಹುಬ್ಬಳ್ಳಿ ಧಾರವಾಡದ ನಡುವೆ ಚಕ್ಕಡಿ ಹೊಡೆಯುವವನು. ಅಕ್ಕಾರು ಪಡಸಾಲೆಯಲ್ಲಿ ಕೂಡದೆ ಸೀದಾ ಅಡುಗೆಮನೆಗೇ ಬಂದು ಆಯಿಯ ಮುಂದೆ ಗಡಿಗೆ ಇಡಿಸಿದರು.

“ದಿನಾ ಬೀಸಾಕ ಕೂಡೂಮುಂದ ಒಂದ ಮುಷ್ಟಿ ಜ್ವಾಳ ಇದರಾಗ ಹಾಕ್ರಿ. ತಿಂಗಳಿಗೊಮ್ಮಿ ಹುಸೇನಸಾಬ ಬಂದು ಒಯ್ತಾನ. ಉಪ್ಪಿನಬೆಟಗೇರಿ ಹುಡುಗಿ ರೀ, ತಂದಿ-ತಾಯಿ ಇಬ್ರೂ ಪ್ಲೇಗಿಗೆ ಹೋದ್ರು. ಕಾಕಾನ ಮನ್ಯಾಗ ಎಮ್ಮಿ ಕಾಯತಿದ್ಲು. ಆಕಿ ಹೆಸರ ಮ್ಯಾಲೆ ಬರದೇನಿ.”

“ಒಂದ ಮುಷ್ಟಿ ಅಂದ್ರ, ಯಾರ ಮುಷ್ಟಿ ರೀ?”

“ನಿಮ್ಮ ಮನಿಯವರದು ಯಾರದಾದ್ರೂ ಆಗ್ಲಿ ರೀ.”

ಒಂದು ಗಡಿಗೆಯಿಂದ ಒಂದು ಹೊಟ್ಟೆ ತುಂಬುವುದಿಲ್ಲ. ಉಳಿದದ್ದನ್ನು ಮಠದವರೋ ಪೇಟೆಯವರೋ ಕೊಡುತ್ತಿದ್ದರು. ಆದರೆ ಅಕ್ಕಾರ ನೇಮ ಹಾಗಿತ್ತು: ಪ್ರತಿ ಹುಡುಗಿಗೆ ಒಂದು ಮನೆ, ಒಂದು ಗಡಿಗೆ. ಗಡಿಗೆ ನಿಂತರೆ ಬೇರೆ ಮನೆ ಹುಡುಕಬೇಕು. ಸಿಗದಿದ್ದರೆ ಹುಡುಗಿ ಊರಿಗೆ ವಾಪಸು. ನೀಲವ್ವನಿಗೆ ವಾಪಸು ಎಂದರೆ ಕಾಕಾನ ಎಮ್ಮೆಗಳು.

ಮರುದಿನ ನಸುಕಿನಲ್ಲಿ ಆಯಿ ನನ್ನನ್ನು ಎಬ್ಬಿಸಿದಳು. ಕಣ್ಣು ತಿಕ್ಕುತ್ತ ಹೋದರೆ ಅವ್ವ ಆಗಲೇ ಬೀಸುಕಲ್ಲಿನ ಮುಂದೆ ಕೂತಿದ್ದಳು, ಮೊರದಲ್ಲಿ ಅಳೆದ ಜೋಳ.

“ಗಂಗೀ, ಬಾ ಇಲ್ಲೆ. ಇವತ್ತಿನಿಂದ ಈ ಪುಣ್ಯ ನಿಂದು. ಒಂದ ಮುಷ್ಟಿ ತಗೊಂಡು ಗಡಗ್ಯಾಗ ಹಾಕು. ಒಂದ, ತಿಳೀತಿಲ್ಲೋ?” ಎಂದಳು ಆಯಿ.

ನಾನು ಉಬ್ಬಿಹೋದೆ. ಓಣಿಯ ಹೆಂಗಸರು ಬಂದು ನೋಡಿ, ಎಂಥ ಮನೆತನ, ಕೂಸಿಗೆ ಈಗಿನಿಂದಲೇ ದಾನದ ರೂಢಿ ಹಾಕುತ್ತಿದ್ದಾರೆ ಎಂದು ಹೊಗಳಿದರು. ಅವ್ವ ಒಬ್ಬಳೇ ತಲೆ ಬಗ್ಗಿಸಿ ತುಟಿಯ ಅಂಚಿನಲ್ಲಿ ನಕ್ಕಳು. ಆ ನಗು ಏಕೆಂದು ನನಗೆ ತಿಳಿಯಲು ನಾಲ್ಕು ವರ್ಷ ಬೇಕಾಯಿತು. ತಿಂಗಳ ಕೊನೆಗೆ ಹುಸೇನಕಾಕಾ ಗಡಿಗೆ ಎತ್ತಿದಾಗಲೆಲ್ಲ ಚೇಷ್ಟೆ ಮಾಡುತ್ತಿದ್ದ.

“ಯವ್ವಾ ಗಂಗವ್ವಾ, ಇದು ಜ್ವಾಳದ ಗಡಗ್ಯೋ, ನಿಮ್ಮಪ್ಪನ ಹತ್ತಿ ಗಂಟೋ?”

ನಾನೂ ಅವನ ಜೊತೆ ಕಿಲಕಿಲ ನಗುತ್ತಿದ್ದೆ. ದಡ್ಡಿ.

ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನೆರೆಮನೆಯಿಂದ ಪಲ್ಯ ಬಂದ ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಹೊರಳಿಸಿ ಕೊಡಬೇಕು. ಬೋರ್ಡಿಂಗಿನ ಹುಡುಗಿಯರ ಹತ್ತಿರ ಏನಿದ್ದೀತು ಪಾಪ? ಆದರೂ ನಮ್ಮ ಗಡಿಗೆ ಎಂದೂ ಬರಿದಾಗಿ ಬರಲಿಲ್ಲ. ಒಮ್ಮೆ ನಾಲ್ಕು ಹುಣಸೆಕಾಯಿ, ಒಮ್ಮೆ ಕಣಗಿಲೆ ಹೂವು, ಒಮ್ಮೆ ಹರಕು ಬಟ್ಟೆಯ ಮೇಲೆ ಕಸೂತಿಯಲ್ಲಿ ತೆಗೆದ ಗಿಳಿ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಆಯಿಯೇ ಬಿಚ್ಚಬೇಕು, ಒಳಗಿನದನ್ನು ಆಯಿಯೇ ತೆಗೆಯಬೇಕು. ತೆಗೆದು, ತಿರುಗಿಸಿ ನೋಡಿ, “ರೀತಿ ಗೊತ್ತೈತಿ ಹುಡುಗಿಗೆ” ಎನ್ನುತ್ತಿದ್ದಳು. ಆಯಿಯ ಬಾಯಿಂದ ಅಷ್ಟು ಹೊಗಳಿಕೆ ಅವ್ವನಿಗೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

ನನಗೆ ಹತ್ತು ತುಂಬಿದ ವರ್ಷ ನಾಗರಪಂಚಮಿಗೆ ಅಕ್ಕಾರು ಹುಡುಗಿಯರನ್ನೆಲ್ಲ ಅವರವರ ಗಡಿಗೆಯ ಮನೆಗೆ ಊಟಕ್ಕೆ ಕಳಿಸಿದರು. ಹೀಗೆ ನೀಲವ್ವ ಎಂಬ ಹೆಸರಿಗೆ ಕೈಕಾಲು ಬಂದವು. ನನಗಿಂತ ಒಂದೇ ವರ್ಷ ದೊಡ್ಡವಳು, ಆದರೆ ಒಂದು ಗೇಣು ಹೆಚ್ಚು ಎತ್ತರ. ಸೊಂಟಕ್ಕೆ ತೊಳೆದು ತೊಳೆದು ಬಣ್ಣ ಹೋದ ಪರಕಾರ, ಬಿಗಿಯಾಗಿ ಹೆಣೆದ ಜಡೆ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಜೋಳದ ಅರಳು ಎಲ್ಲವನ್ನೂ ಒಂದು ಕಾಳು ಬಿಡದೆ ಉಂಡಳು. ಉಂಡ ವೇಗಕ್ಕೆ ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವ್ವ ನನ್ನ ತೊಡೆ ಚಿವುಟಿ, ಅವಳ ತಾಟಿಗೆ ಇನ್ನೆರಡು ಉಂಡಿ ಇಟ್ಟಳು. ಊಟವಾದ ಮೇಲೆ ಇಬ್ಬರೂ ಜೋಕಾಲಿಯ ಹಲಗೆಯ ಮೇಲೆ ಕೂತೆವು. ಹಗ್ಗ ಹಿಡಿಯಲು ಚಾಚಿದ ನನ್ನ ಕೈಯನ್ನು ಅವಳು ಹಿಡಿದು, ತನ್ನ ಅಂಗೈಗೆ ಹಚ್ಚಿ ನೋಡಿದಳು. ನನ್ನ ಬೆರಳ ತುದಿ ಅವಳ ಬೆರಳಿನ ಮೇಲಿನ ಗೆರೆಯನ್ನೂ ಮುಟ್ಟಲಿಲ್ಲ.

“ಅಯ್ಯ, ಏಟ ಸಣ್ಣ ಕೈ! ನಿಮ್ಮ ಮನ್ಯಾಗ ಮುಷ್ಟಿ ಯಾರು ಹಾಕ್ತಾರ?”

“ನಾನ. ಸಣ್ಣಾಕಿ ಇದ್ದಾಗಿಂದ ನಾನ ಹಾಕ್ತೇನಿ.”

ಅವಳು ಕಾಲಿನಿಂದ ನೆಲ ಒದ್ದು ಜೋಕಾಲಿ ಜೀಕಿದಳು. ಜೀಕುತ್ತಲೇ, “ನನ್ನ ಗಡಗಿ ಎಲ್ಲಾರಕಿಂತ ಹಗೂರ ಇರತೈತಿ” ಎಂದಳು, ಸಿಟ್ಟಿಲ್ಲದೆ, ಸುಮ್ಮನೆ ಹೇಳಿದ ಹಾಗೆ. ನನಗೆ ಜೋಕಾಲಿಯಿಂದ ಇಳಿದು ಓಡಿಹೋಗಬೇಕೆನ್ನಿಸಿತು. ಅವತ್ತು ಅವ್ವನ ನಗು, ಹುಸೇನಕಾಕಾನ ಚೇಷ್ಟೆ, ಆಯಿಯ ಪುಣ್ಯ ಎಲ್ಲ ಒಟ್ಟಿಗೇ ಅರ್ಥವಾದವು. ಮರುದಿನದಿಂದ ನಾನು ಬೆರಳು ನೋಯುವ ತನಕ ಜೋಳ ಬಿಗಿದು ಹಿಡಿದು ಹಾಕತೊಡಗಿದೆ. ಆದರೂ ನನ್ನ ಮುಷ್ಟಿ ನನ್ನಷ್ಟೇ. ಎರಡನೆಯ ಸಲ ಕೈ ಹಾಕಿದರೆ ಆಯಿ ವಿಭೂತಿ ಹಚ್ಚಿಕೊಳ್ಳುತ್ತಲೇ “ಒಂದು” ಎನ್ನುತ್ತಿದ್ದಳು.

ನನಗೆ ಆಗ ಒಂದೇ ಹುಚ್ಚು, ಮುಲ್ಕಿ ಪರೀಕ್ಷೆ ಪಾಸಾಗಬೇಕು. ಏಳನೆಯ ಇಯತ್ತೆಯ ಕೊನೆಗೆ ಬರುವ ಪರೀಕ್ಷೆ ಅದು. ಪಾಸಾದವರು ಶಾಲೆಯಲ್ಲಿ ಕಲಿಸಬಹುದಿತ್ತು. ಅಕ್ಕಾರ ಹಾಗೆ ಬಿಳಿ ಸೀರೆ ಉಟ್ಟು, ಯಾರ ಮನೆಯಾದರೂ ಸರಿ, ಸೀದಾ ಅಡುಗೆಮನೆಗೆ ನುಗ್ಗಬೇಕು ಎಂಬುದು ನನ್ನ ಕನಸು. ಐದನೆಯ ಇಯತ್ತೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಆಯಿ ಮಾತು ತೆಗೆದಳು.

“ಗಂಗೀಗೆ ಸಾಲಿ ಸಾಕು. ಗದಗಿನ ಕಡೆಯವರು ಕೇಳಾಕತ್ತಾರ. ಇನ್ನ ರೊಟ್ಟಿ ಬಡ್ಯಾಕ ಕಲೀಲಿ.”

“ನಾ ಮುಲ್ಕಿ ಕಟ್ತೇನಿ.”

“ಏನ ಮಾಡ್ತಿ ಕಟ್ಟಿ?”

“ನೀಲವ್ವ ಕಟ್ಟತಾಳಲ್ಲ? ನಮ್ಮ ಜ್ವಾಳ ಉಂಡು ಆಕಿ ಸಾಲಿಗೆ ಹೋಗ್ತಾಳ. ನಾ ಯಾಕ ಬ್ಯಾಡ?”

“ಆಕಿಗೆ ಯಾರದಾರ ಹೇಳು? ಪರದೇಶಿ ಹುಡುಗಿ. ನಾಕ ಅಕ್ಷರ ಕಲತ್ರ ತನ್ನ ಹೊಟ್ಟಿ ತಾ ತುಂಬಕೋತಾಳ. ನಿನಗೇನ ಕಡಿಮಿ ಆಗೇತಿ?”

“ಹಂಗಾರ ನಮ್ಮಪ್ಪ-ಅವ್ವನೂ ಸತ್ತಿದ್ರ ನಾನೂ ಕಲೀತಿದ್ನಿ!”

ಅಂದುಬಿಟ್ಟೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಗುರೆಳ್ಳಿನ ಚಟ್ನಿ ಹಚ್ಚಿದ ತುತ್ತನ್ನು ತಾಟಿನಲ್ಲೇ ಬಿಟ್ಟು ಎದ್ದು ಕೈ ತೊಳೆದುಕೊಂಡ. ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಪೇಟೆಗೆ ಹೊರಟುಹೋದ. ಅವನ ಆ ಮೌನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆಯಿಯಾದರೂ ಎದುರಿಗೆ ನಿಂತು ಜಗಳವಾಡಿದಳು. ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಆಕೆಯ ಲೆಕ್ಕದಲ್ಲಿ ಓದು ಎಂಬುದು ಗತಿಯಿಲ್ಲದವರ ಔಷಧ. ಆರೋಗ್ಯವಂತ ಮನೆಯ ಹುಡುಗಿ ಅದನ್ನು ಕುಡಿಯಬೇಕೇಕೆ?

ಮರುದಿನ ನಸುಕಿನಲ್ಲಿ ನಾನು ಮೊರದ ಜೋಳದಲ್ಲಿ ಕೈಯಿಟ್ಟು ಮುಷ್ಟಿ ಬಿಗಿದೆ, ಹಾಗೇ ಸಡಿಲಿಸಿ ಕಾಳನ್ನೆಲ್ಲ ಮೊರದಲ್ಲೇ ಬಿಟ್ಟೆ. ಖಾಲಿ ಮುಷ್ಟಿಯನ್ನು ಗಡಿಗೆಯೊಳಗೆ ಇಳಿಸಿ, ಅದರಲ್ಲಿದ್ದ ಕಾಳನ್ನೇ ಬೆರಳಿನಿಂದ ಕೆದಕಿ ಸದ್ದು ಮಾಡಿದೆ. ಆಯಿ ಆ ಸದ್ದು ಕೇಳಿ ಲಿಂಗಪೂಜೆಗೆ ಎದ್ದಳು. ಇಷ್ಟು ಸುಲಭ! ಅಂದಿನಿಂದ ಅದೇ ಆಟ. ಗಡಿಗೆ ಧಾರವಾಡದಿಂದ ಮರಳಿದ ಮೊದಲ ದಿನ ಮಾತ್ರ ಕೆದಕಲು ಬೇಕೆಂದು ಒಂದು ಮುಷ್ಟಿ ನಿಜವಾಗಿ ಹಾಕುತ್ತಿದ್ದೆ. ನಾನು ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಡಿಗೆ ಬರಿದಾದರೆ ನೀಲವ್ವ ಎಮ್ಮೆ ಕಾಯಲು ಹೋಗುತ್ತಾಳೆ. ಹೋಗಲಿ. ನಾನು ರೊಟ್ಟಿ ಬಡಿಯುವಾಗ ಅವಳು ಎಮ್ಮೆ ಕಾಯಲಿ, ಇಬ್ಬರಿಗೂ ಸಮ. ಹನ್ನೊಂದು ವರ್ಷದ ಹುಡುಗಿಯೊಳಗೆ ಎಷ್ಟು ವಿಷ ಹಿಡಿಸುತ್ತದೆ ಎಂಬುದು ನನಗೆ ಗೊತ್ತು. ಮಕ್ಕಳೆಂದರೆ ದೇವರು ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ.

ತಿಂಗಳು ತುಂಬಿ ಹುಸೇನಕಾಕಾ ಬಂದ ದಿನ ನನಗೆ ಜ್ವರ ಬಂದ ಹಾಗಾಗಿತ್ತು. ಅವನು ಎಂದಿನಂತೆ ಒಂದೇ ಕೈಯಿಂದ ಗಡಿಗೆ ಎತ್ತಲು ಹೋದ. ಅದು ಏಳಲಿಲ್ಲ. ಎರಡೂ ಕೈ ಹಚ್ಚಿ ಎತ್ತಿದ.

“ಯಾ ಅಲ್ಲಾ! ಇವತ್ತ ಏನ ಕಲ್ಲ ತುಂಬೀರೇನವಾ?”

ಆಯಿ ಹುಬ್ಬೇರಿಸಿ ನನ್ನ ಕೈ ನೋಡಿದಳು. ನಾನೂ ನನ್ನ ಕೈ ನೋಡಿಕೊಂಡೆ. ದೇವರ ಪವಾಡವೇ ಇರಬೇಕೆಂದು ಒಂದು ಕ್ಷಣ ಅಂಜಿಕೆಯಾದದ್ದು ಖರೆ. ಆದರೆ ನಮ್ಮ ಮನೆಯ ದೇವರು ಅಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಗಡಿಗೆ ಮರಳಿದ ಎರಡನೆಯ ದಿನ ಸುಳ್ಳು ಮುಷ್ಟಿ ಹಾಕಿ, ಬಚ್ಚಲಿಗೆ ಹೋದಂತೆ ಮಾಡಿ ಬಾಗಿಲ ಮರೆಯಲ್ಲಿ ನಿಂತೆ. ಆಯಿ ಪೂಜೆಗೆ ಎದ್ದು ಹೋದಳು. ಅವ್ವ ಬೀಸುಕಲ್ಲಿನ ಗೂಟ ಬಿಟ್ಟು, ಮೊರದಿಂದ ಒಂದು ಮುಷ್ಟಿ ಜೋಳ ತುಂಬಿಕೊಂಡು, ಸದ್ದಾಗದಂತೆ ಕೈಯನ್ನು ಗಡಿಗೆಯ ತಳದ ತನಕ ಇಳಿಸಿ ಬಿಟ್ಟಳು. ಬೀಸಿ ಬೀಸಿ ಅಗಲವಾದ ಕೈ ಅದು. ನನ್ನ ಎರಡು ಮುಷ್ಟಿ ಅದರಲ್ಲಿ ಹಿಡಿಸುತ್ತಿತ್ತು.

“ಯವ್ವಾ, ನೀ ಯಾಕ ಹಾಕಾಕತ್ತಿ?”

“ನೀ ಹಾಕವಲ್ಲಿ, ಅದಕ್ಕ.”

“ಆಯಿಗೆ ಹೇಳ್ತೀಯೇನು?”

“ಹೇಳಿ ಏನ ಮಾಡ್ಲಿ? ನಿನಗ ಸಿಟ್ಟ ಬಂದೈತಿ, ಬರ್ಲಿ. ಆದ್ರ ಆಕಿ ಉಣಬೇಕಲ್ಲವಾ.”

ಅಷ್ಟೇ ಹೇಳಿ ಮತ್ತೆ ಬೀಸತೊಡಗಿದಳು. ಅಳೆದು ಕೊಟ್ಟ ಜೋಳದಲ್ಲಿ ಅಷ್ಟು ಹೋದರೆ ಹಿಟ್ಟು ಎಲ್ಲಾದರೂ ಕಡಿಮೆಯಾಗಲೇಬೇಕು. ಕೊನೆಯ ರೊಟ್ಟಿ ಪೂರಿಯಷ್ಟೇ ಆಗುತ್ತಿತ್ತು, ಆ ಕೊನೆಯ ರೊಟ್ಟಿ ಅವ್ವನದು. ಇದನ್ನೆಲ್ಲ ಕಂಡ ಮೇಲೂ ನಾನು ಸುಧಾರಿಸಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇನ್ನೂ ಎರಡು ತಿಂಗಳು ಖಾಲಿ ಮುಷ್ಟಿ ಹಾಕಿದೆ. ಹೇಗೂ ಅವ್ವ ಹಾಕುತ್ತಾಳಲ್ಲ, ನನ್ನ ಸಿಟ್ಟಿಗೂ ಕುಂದಿಲ್ಲ, ನೀಲವ್ವನಿಗೂ ಕುಂದಿಲ್ಲ ಎಂಬ ಹಠ.

ಮೂರನೆಯ ತಿಂಗಳು ಮರಳಿ ಬಂದ ಗಡಿಗೆಯ ಬಾಯಿ ಬಿಚ್ಚಿದ ಆಯಿ ಒಳಗೆ ಕೈ ಹಾಕಿ ಹುಬ್ಬು ಗಂಟಿಕ್ಕಿದಳು. ಶಾಲೆಯ ಪಾಠ ಬರೆದುಕೊಂಡ, ಸುರುಳಿ ಸುತ್ತಿ ದಾರ ಕಟ್ಟಿದ ಒಂದು ವಹಿ ಹೊರಗೆ ಬಂತು. ಅಂಚಿನಲ್ಲೆಲ್ಲ ಸೀಸದ ಕಡ್ಡಿಯಿಂದ ಬರೆದ ಕಸೂತಿಯ ಗೋಪುರಗಳು. ಆಯಿ ಅದನ್ನು ತಲೆಕೆಳಗಾಗಿ ಹಿಡಿದಿದ್ದಳು.

“ಏನಿದು?”

“ವಹಿ ರೀ ಆಯಾರ. ಆ ಹುಡುಗೀನ ಇಟ್ಲು, ಗಂಗವ್ವಗ ಅಂತ. ಇಕೀನ ಸಾಲಿ ಬಿಡಿಸ್ಯಾರ ಅಂತ ನಾನ ಬಾಯಿ ತಪ್ಪಿ ಹೇಳಿದ್ನಿ,” ಎಂದು ಹುಸೇನಕಾಕಾ ಟೊಪ್ಪಿಗೆ ಸರಿಮಾಡಿಕೊಂಡ.

ಒಲೆ ಉರಿಯುತ್ತಿತ್ತು. ಆಯಿ ಒಲೆಯನ್ನು ನೋಡಿದಳು, ವಹಿಯನ್ನು ನೋಡಿದಳು. ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದನ್ನು ಬಿಟ್ಟು ಬೆನ್ನು ತಿರುಗಿಸಿಯೇ ಕೂತಿದ್ದಳು.

“ಗಡಗ್ಯಾಗ ಬಂದದ್ದು,” ಎಂದಳು ಆಯಿ ಕಡೆಗೆ, ಯಾರ ಮೇಲೋ ಮುನಿಸಿಕೊಂಡವಳ ಹಾಗೆ. “ಹೊಳ್ಳಿ ಕಳಸಾಕ ಬರೂದಿಲ್ಲ, ಒಲಿಗೆ ಹಾಕಾಕೂ ಬರೂದಿಲ್ಲ.”

ವಹಿ ಗೂಡು ಸೇರಿತು. ಮಧ್ಯಾಹ್ನ ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಆಯಿ ಮಲಗಲು ಹೋಗುತ್ತ ತಿರುಗಿ ನೋಡದೆ ಹೇಳಿದಳು, “ಅದನ್ನ ತಗೊಂಡು ಏನರ ಮಾಡು. ಇಲಿ ಕಡದಾವು.”

ವಹಿಯ ಕೊನೆಯ ಹಾಳೆಯಲ್ಲಿ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಗಂಗವ್ವನಿಗೆ. ಇದು ನನಗೆ ಮುಗಿಯಿತು. ನೀನು ಓದು. ಮುಂದಿನ ತಿಂಗಳು ಭೂಗೋಳದ್ದು ಇಡುತ್ತೇನೆ.’ ನಾನು ಬೀಸುಕಲ್ಲಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಮರುದಿನ ನನ್ನ ಮುಷ್ಟಿಯನ್ನು ನಿಜವಾಗಿ ಹಾಕಿದೆ. ಅವ್ವ ತನ್ನದನ್ನು ನಿಲ್ಲಿಸಲಿಲ್ಲ. ಅಲ್ಲಿಂದ ಎರಡು ವರ್ಷ ಪ್ರತಿ ತಿಂಗಳು ಜೋಳ ಹೋಗುತ್ತಿತ್ತು, ವಹಿ ಬರುತ್ತಿತ್ತು. ಆಯಿ ಮಲಗಿದ ಮಧ್ಯಾಹ್ನಗಳಲ್ಲಿ ಬೀಸುಕಲ್ಲೇ ನನ್ನ ಮೇಜು. ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ನನ್ನ ಪಾಠ ಕೇಳುತ್ತಿದ್ದಳು. ಗಂಗಾನದಿ ಎಲ್ಲಿ ಹುಟ್ಟುತ್ತದೆ ಎಂದು ಅವಳಿಗೆ ನನಗಿಂತ ಮೊದಲೇ ಬಾಯಿಗೆ ಬಂತು. ಗದಗಿನವರೂ ಬಂದರು, ನನ್ನ ಮದುವೆಯೂ ಆಯಿತು. ಮುಲ್ಕಿ ಕಟ್ಟಿದ್ದು ಗಂಡನ ಮನೆಯಿಂದ, ಚೊಚ್ಚಲ ಮಗನನ್ನು ನಾದಿನಿಯ ಕಂಕುಳಿಗೆ ಕೊಟ್ಟು. ಪಾಸಾದೆ.

ಎರಡನೆಯ ಬಾಣಂತನಕ್ಕೆ ಹುಬ್ಬಳ್ಳಿಗೆ ಬಂದಾಗ ಆಯಿ ತೀರಿಕೊಂಡು ವರ್ಷವಾಗಿತ್ತು. ನೀಲವ್ವ ಕೂಸು ನೋಡಲು ಬಂದಳು. ಅಷ್ಟರಲ್ಲಿ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು. ಪಡಸಾಲೆಯಲ್ಲಿ ಕೂಡದೆ ಸೀದಾ ಅಡುಗೆಮನೆಗೇ ಬಂದು, ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಬರಿದಾದ ಗೂಡನ್ನು ನೋಡಿದಳು.

“ಗಂಗವ್ವಾ, ಒಂದ ಮಾತ ನಿನಗ ಎಂದೂ ಹೇಳಿಲ್ಲ ನಾ. ನನ್ನ ಗಡಗಿ ಹಗೂರ ಅಂತ ಹುಡುಗ್ಯಾರು ನಗತಿದ್ರು. ನಿನ್ನ ಸಾಲಿ ಬಿಡಿಸಿದ್ರಲ್ಲ, ಆಗ ಒಮ್ಮಿಂದೊಮ್ಮಿಗೆ ಎಲ್ಲಾರಕಿಂತ ವಜ್ಜಿ ಆತು ನೋಡು. ತನ್ನ ಓದು ಹೋದ್ರೂ ನನಗ ಎರಡ ಪಟ್ಟ ಹಾಕಾಕತ್ತಾಳ, ಎಂಥಾ ಜೀವಪ್ಪಾ ಇದು ಅಂತ ಅತ್ತಬಿಟ್ನಿ. ಖಾಲಿ ಗಡಗಿ ಮುಂದ ಕುಂತು, ಇಂಥಾಕಿಗೆ ಹೂವು ಹುಣಸಿಕಾಯಿ ಏನ ಇಡ್ಲಿ ಅನಿಸಿತು. ಅದಕ್ಕ ವಹಿ ಇಟ್ನಿ.”

ಸುಮ್ಮನಿದ್ದುಬಿಡಬಹುದಿತ್ತು. ಅವಳ ಕಣ್ಣಿನಲ್ಲಿ ನಾನು ಹದಿನೈದು ವರ್ಷ ದೇವತೆಯಾಗಿದ್ದೆ. ಬಿಟ್ಟುಕೊಡಲು ನಿಜವಾಗಿಯೂ ಮನಸ್ಸಾಗಲಿಲ್ಲ. ತೊಡೆಯ ಮೇಲಿನ ಕೂಸಿನ ಮುಖ ಒರೆಸಿದೆ, ಮತ್ತೊಮ್ಮೆ ಒರೆಸಿದೆ.

“ನಾ ಹಾಕಿಲ್ಲ ನೀಲವ್ವಾ. ಆ ಮೂರ ತಿಂಗಳ ನಾ ಖಾಲಿ ಮುಷ್ಟಿ ಹಾಕೇನಿ. ನೀ ಹೊಳ್ಳಿ ಎಮ್ಮಿ ಕಾಯಾಕ ಹೋಗ್ಲಿ ಅಂತ.”

ಅವಳು ಗೂಡಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು.

“ಮತ್ತ ಯಾರು ಹಾಕಿದ್ರು?”

ನಾನು ಒಲೆಯ ಕಡೆ ಗದ್ದ ತೋರಿಸಿದೆ. ಅವ್ವ ಎಂದಿನಂತೆ ನಮ್ಮ ಮಾತು ಕೇಳಿಯೂ ಕೇಳದವಳ ಹಾಗೆ ರೊಟ್ಟಿ ಬಡಿಯುತ್ತಿದ್ದಳು. ನೀಲವ್ವ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವ್ವನ ಬಲಗೈ ಹಿಡಿದೆತ್ತಿ, ಹಿಂದೊಮ್ಮೆ ಜೋಕಾಲಿಯ ಮೇಲೆ ನನ್ನ ಕೈಗೆ ಮಾಡಿದ ಹಾಗೇ, ತನ್ನ ಅಂಗೈಯನ್ನು ಅದಕ್ಕೆ ಹಚ್ಚಿದಳು. ಎರಡೂ ಕೈ ಒಂದೇ ಅಳತೆ ಇದ್ದವು.

“ಬಿಡವಾ ತಂಗಿ, ಹಿಟ್ಟ ಹತ್ತತೈತಿ ಕೈಗೆ,” ಎಂದು ಅವ್ವ ಸಂಕೋಚದಿಂದ ಕೈ ಎಳೆದುಕೊಳ್ಳಲು ನೋಡಿದಳು. “ಅಲ್ಲಿ ರೊಟ್ಟಿ ಸೀಯಾಕತ್ತೈತಿ ನೋಡು.”

ನೀಲವ್ವ ಕೈ ಬಿಡಲಿಲ್ಲ. ನಾನೇ ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಎದ್ದು ಹೋಗಿ ರೊಟ್ಟಿ ತಿರುವಿ ಹಾಕಿದೆ.